ಕ್ಲಾಸಿನ ಗಂಟೆ, ಪೇಪರಿನ ಗಡುವು

ಪ್ರಶ್ನೆ: ಸರ್, ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಸೇರಿ ಮೊನ್ನೆಗೆ ಒಂದು ವರ್ಷವಾಯಿತು. ಸ್ವ-ಮೌಲ್ಯಮಾಪನದ ಫಾರಂ ಕೊಟ್ಟಿದ್ದಾರೆ. ಬೋಧನೆ, ವಿದ್ವತ್ತು, ಸೇವೆ ಅಂತ ಮೂರು ಕಾಲಂ. ಡೇಟಾ ಸ್ಟ್ರಕ್ಚರ್ಸ್ 120 ಮಂದಿಗೆ, ಆಪರೇಟಿಂಗ್ ಸಿಸ್ಟಮ್ಸ್ 60 ಮಂದಿಗೆ ಪಾಠ ಮಾಡಿದೆ. ವಿದ್ಯಾರ್ಥಿಗಳ ಫೀಡ್‌ಬ್ಯಾಕ್ ಐದಕ್ಕೆ 3.4 ಬಂದಿದೆ. ಕಳಿಸಿದ್ದ ಒಂದೇ ಪೇಪರ್ ರಿಜೆಕ್ಟ್ ಆಯಿತು. ಸೇವೆಯ ಕಾಲಂ ಮಾತ್ರ ತುಂಬಿ ತುಳುಕುತ್ತಿದೆ: ಟೈಮ್‌ಟೇಬಲ್ ಕಮಿಟಿಯೂ ಸೇರಿ ಒಟ್ಟು ಏಳು ಕಮಿಟಿ. ಒಂದು ಭಾನುವಾರವೂ ಬಿಡುವಿರಲಿಲ್ಲ. ಆದರೂ ಬರೆಯೋಣ ಅಂತ ಕೂತರೆ ಏನೂ ಮಾಡಿಲ್ಲ ಅನ್ನಿಸುತ್ತದೆ. ವರ್ಷ ಎಲ್ಲಿಗೆ ಹೋಯಿತು? ಮುಂದಿನ ವರ್ಷ ಯಾವುದನ್ನು ಬಿಡಲಿ?

ಉತ್ತರ: ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಮೊದಲ ವರ್ಷದ ಫಾರಂನಲ್ಲಿ ಸಂಶೋಧನೆ ಅನ್ನುವ ಕಡೆ ಒಂದೇ ಒಂದು ಪದ ಬರೆದಿದ್ದೆ: ‘ಪ್ರಗತಿಯಲ್ಲಿದೆ’. ಅದು ಸುಳ್ಳು. ಪ್ರಗತಿಯಲ್ಲಿ ಇದ್ದದ್ದು ಉತ್ತರಪತ್ರಿಕೆಗಳ ಕಟ್ಟು ಮಾತ್ರ.

ವರ್ಷ ಎಲ್ಲಿಗೆ ಹೋಯಿತು ಅಂತ ಕೇಳಿದ್ದೀರಿ, ಮೊದಲು ಅದಕ್ಕೇ ಬರುತ್ತೇನೆ. ಫಾರಂನಲ್ಲಿ ಮೂರು ಕಾಲಂ ಇರಬಹುದು, ಆದರೆ ನಮ್ಮ ವಿಷಯದ ಮೇಷ್ಟರ ವರ್ಷ ಓಡುವುದು ಎರಡು ಗಡಿಯಾರಗಳ ಮೇಲೆ. ಒಂದು ಸೆಮಿಸ್ಟರಿನದು: ಕ್ಲಾಸು, ಲ್ಯಾಬು, ಟೆಸ್ಟು, ವ್ಯಾಲ್ಯುಯೇಷನ್ನು. ಇನ್ನೊಂದು ಕಾನ್ಫರೆನ್ಸ್ ಡೆಡ್‌ಲೈನಿನದು. ಈ ಎರಡಕ್ಕೂ ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲ. ಇಂಟರ್ನಲ್ಸ್ ನಡೆಯುವ ವಾರವೇ ಪೇಪರಿನ ಗಡುವು ಬಂದು ನಿಲ್ಲುತ್ತದೆ, ರಜೆ ಬಂತು ಅನ್ನುವಾಗ ರಿವ್ಯೂಗಳು, ಅಂದರೆ ಪೇಪರ್ ಓದಿದ ಪರಿಶೀಲಕರ ಅಭಿಪ್ರಾಯಗಳು, ಬಂದು ಬೀಳುತ್ತವೆ.

ಬೇರೆ ವಿಭಾಗದ ಗೆಳೆಯರಿಗೆ ಇದು ಅರ್ಥವಾಗುವುದಿಲ್ಲ. ಅವರು ಜರ್ನಲ್ಲಿಗೆ ಬರೆಯುತ್ತಾರೆ. ಮುಗಿದ ದಿನ ಕಳಿಸಿ ಕಾಯುತ್ತಾರೆ. ನಮ್ಮಲ್ಲಿ ಬಹುಪಾಲು ಒಳ್ಳೆಯ ಕೆಲಸ ಮೊದಲು ಕಾಣಿಸಿಕೊಳ್ಳುವುದು ಕಾನ್ಫರೆನ್ಸಿನಲ್ಲಿ. ‘ಜರ್ನಲ್ ಎಲ್ಲಿ?’ ಅಂತ ಬಡ್ತಿ ಸಮಿತಿಗಳು ಕೇಳುತ್ತಲೇ ಇದ್ದುದರಿಂದ, ಅಮೆರಿಕದ ಕಂಪ್ಯೂಟಿಂಗ್ ರಿಸರ್ಚ್ ಅಸೋಸಿಯೇಷನ್ 1999ರಲ್ಲಿ ಒಂದು ಟಿಪ್ಪಣಿಯನ್ನೇ ಹೊರಡಿಸಬೇಕಾಯಿತು. ಬರೆದವರು ಡೇವಿಡ್ ಪ್ಯಾಟರ್ಸನ್, ಲಾರೆನ್ಸ್ ಸ್ನೈಡರ್, ಜೆಫ್ರಿ ಉಲ್‌ಮನ್. ಈ ವಿಷಯ ಬೇಗ ಬದಲಾಗುತ್ತದೆ, ಕಟ್ಟುನಿಟ್ಟಾಗಿ ಆರಿಸುವ ಕಾನ್ಫರೆನ್ಸಿನ ಪೇಪರಿಗೆ ತೂಕ ಕೊಡಿ, ಕಟ್ಟಿದ ಸಿಸ್ಟಮ್ಮೂ ಒಂದು ಫಲವೇ ಅನ್ನುವುದು ಅದರ ಸಾರ. ನಿಮ್ಮ ಮೇಲಿನ ಸಮಿತಿಯಲ್ಲಿ ಬೇರೆ ವಿಷಯದವರು ಕೂತಿದ್ದರೆ ಇದನ್ನು ನೆನಪಿಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ.

ಗಡುವಿನ ಗಡಿಯಾರಕ್ಕೆ ಒಂದು ವಿಚಿತ್ರ ಸಮಯವೂ ಇದೆ. ‘ಎನಿವೇರ್ ಆನ್ ಅರ್ತ್’ ಅನ್ನುತ್ತಾರೆ. ಭೂಮಿಯ ಮೇಲೆ ಎಲ್ಲೋ ಒಂದು ಕಡೆ ಆ ತಾರೀಖು ಇನ್ನೂ ಕಳೆದಿಲ್ಲ ಅಂದರೆ ನಿಮ್ಮ ಗಡುವೂ ಕಳೆದಿಲ್ಲ. ಲೆಕ್ಕಕ್ಕೆ ಹೇಳುವುದಾದರೆ ಜಾಗತಿಕ ಮಾನಕ ಸಮಯವಾದ ಯುಟಿಸಿಗಿಂತ 12 ಗಂಟೆ ಹಿಂದೆ. ಕೇಳಲಿಕ್ಕೆ ಉದಾರವಾಗಿದೆ. ನಿಜದಲ್ಲಿ ಅದು ನಮಗೆ ಒಂದು ರಾತ್ರಿ ಹೆಚ್ಚುವರಿ ನಿದ್ದೆಗೇಡು ಕೊಟ್ಟಿದೆ, ಅಷ್ಟೆ. ಡೇಟಾಬೇಸ್‌ನವರ ವಿಎಲ್‌ಡಿಬಿ ಕಾನ್ಫರೆನ್ಸ್ ತಿಂಗಳಿಗೊಮ್ಮೆ ಪೇಪರ್ ತೆಗೆದುಕೊಳ್ಳುವ ಪದ್ಧತಿಗೆ ಬಂದು ಎಷ್ಟೋ ವರ್ಷಗಳಾದವು. ಉಳಿದವರೂ ಆ ದಾರಿ ಹಿಡಿದರೆ ಒಳ್ಳೆಯದು ಅನ್ನುವ ಪಕ್ಷ ನನ್ನದು.

ಈಗ ಮುಖ್ಯ ಮಾತು. ನಾಳೆಯ ಕ್ಲಾಸಿಗೆ ಗಂಟೆ ಹೊಡೆಯುತ್ತದೆ. ಪೇಪರಿಗೆ ತಾರೀಖಿದೆ. ಕಮಿಟಿಗೆ ಈಮೇಲ್ ಬರುತ್ತದೆ, ಉತ್ತರ ಕೊಡದಿದ್ದರೆ ವಿಭಾಗದ ಮುಖ್ಯಸ್ಥರಾದ ಎಚ್‌ಒಡಿ ಬಾಗಿಲಲ್ಲೇ ಬಂದು ನಿಲ್ಲುತ್ತಾರೆ. ಯೋಚನೆ ಒಂದಕ್ಕೆ ಮಾತ್ರ ಗಡುವಿಲ್ಲ. ಹೊಸ ಪ್ರಶ್ನೆ ಹುಡುಕುವುದು, ಹಳೆಯ ನೋಟ್ಸ್ ಕಿತ್ತುಹಾಕಿ ಬರೆಯುವುದು, ಇನ್ನೊಬ್ಬರ ಪೇಪರನ್ನು ಪೆನ್ಸಿಲ್ ಹಿಡಿದು ಓದುವುದು, ಇವನ್ನು ಇಂದು ಮಾಡದಿದ್ದರೆ ಯಾರೂ ಕೇಳುವುದಿಲ್ಲ, ನಾಳೆ ಮಾಡದಿದ್ದರೂ ಕೇಳುವುದಿಲ್ಲ. ಮೂರು ವರ್ಷ ಬಿಟ್ಟು ಕೇಳುತ್ತಾರೆ. ನಿಮ್ಮ ವರ್ಷದಲ್ಲಿ ಕಳೆದುಹೋದದ್ದು ಈ ಭಾಗ. ಅದಕ್ಕೇ ಭಾನುವಾರವೆಲ್ಲ ದುಡಿದೂ ಏನೂ ಮಾಡಿಲ್ಲ ಅನ್ನಿಸುತ್ತಿದೆ.

ಉಳಿದ ಭಾಗ ಎಲ್ಲಿ ಹೋಯಿತು ಅನ್ನುವುದಕ್ಕೆ ಕೂಡಿಸುವ ಲೆಕ್ಕ ಸಾಕು. 120 ಮಂದಿ, ಐದು ಅಸೈನ್‌ಮೆಂಟು, ಒಂದೊಂದಕ್ಕೆ ಹತ್ತು ನಿಮಿಷ ಅಂದರೆ ಬರೋಬ್ಬರಿ ನೂರು ಗಂಟೆ. ಇದು ಒಂದು ಕೋರ್ಸಿನ ಒಂದು ಮೂಲೆ. ಮೊದಲ ಸಲ ಪಾಠ ಮಾಡುವಾಗ ಒಂದು ಗಂಟೆಯ ಕ್ಲಾಸಿಗೆ ನನಗೆ ಆರೇಳು ಗಂಟೆ ತಯಾರಿ ಹಿಡಿಯುತ್ತಿತ್ತು. ನೀವು ಎರಡೂ ಕೋರ್ಸನ್ನು ಮೊದಲ ಸಲ ಮಾಡಿದ್ದೀರಿ. ಎರಡನೇ ಸಲ ಇದು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ, ಆದರೆ ಒಂದು ಷರತ್ತಿದೆ: ಮುಂದಿನ ವರ್ಷವೂ ಅದೇ ಎರಡು ಕೋರ್ಸ್ ಕೊಡಬೇಕು. ಇದನ್ನು ಬಾಯಿಬಿಟ್ಟು ಕೇಳಿ. ಹೊಸಬರು ಸಂಕೋಚಪಟ್ಟು ‘ಯಾವುದಾದರೂ ಸರಿ ಸರ್’ ಅಂದುಬಿಡುತ್ತಾರೆ. ಆ ಒಂದು ವಾಕ್ಯಕ್ಕೆ ತೆರುವ ಬೆಲೆ ಇನ್ನೂರು ಗಂಟೆ.

ಬೋಧನೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಯಾಕೆಂದರೆ ಬೋಧನೆ ಬೇರೆ ವಿದ್ವತ್ತು ಬೇರೆ ಅಂತ ಫಾರಂ ನಿಮ್ಮನ್ನು ನಂಬಿಸುತ್ತಿದೆ.

ಒಂದು ಸಂಜೆ ಲ್ಯಾಬ್ ಮುಗಿದ ಮೇಲೆ ಒಬ್ಬ ಹುಡುಗ ಲ್ಯಾಪ್‌ಟಾಪ್ ತೆರೆದುಕೊಂಡೇ ನನ್ನ ರೂಮಿಗೆ ಬಂದ. ಲಿಂಕ್ಡ್ ಲಿಸ್ಟಿನಿಂದ, ಅಂದರೆ ಮುಂದಿನದರ ವಿಳಾಸವನ್ನು ಒಳಗಿಟ್ಟುಕೊಂಡ ಕೊಂಡಿಗಳ ಸರಪಳಿಯಿಂದ, ಆ ಕೊಂಡಿಗಳಾದ ನೋಡ್‌ಗಳನ್ನು ಅಳಿಸುವ ಪ್ರೋಗ್ರಾಂ. ‘ನನ್ನ ಮೆಷೀನಲ್ಲಿ ಓಡುತ್ತೆ ಸರ್, ಲ್ಯಾಬಿನದರಲ್ಲಿ ಕ್ರ್ಯಾಶ್ ಆಗುತ್ತೆ. ಲ್ಯಾಬಿನ ಕಂಪೈಲರೇ ಸರಿಯಿಲ್ಲ.’ ನೋಡಿದರೆ, ಮೊದಲು ನೋಡನ್ನು ಫ್ರೀ ಮಾಡಿ ಅದರ ಮೆಮೊರಿ ಜಾಗ ಬಿಟ್ಟುಕೊಟ್ಟಿದ್ದಾನೆ, ಆಮೇಲೆ ಅದೇ ನೋಡಿನೊಳಗಿನ ನೆಕ್ಸ್ಟ್ ಪಾಯಿಂಟರನ್ನು, ಅಂದರೆ ಆ ವಿಳಾಸವನ್ನು, ಓದಿ ಮುಂದೆ ಹೋಗುತ್ತಿದ್ದಾನೆ. ಬೀಗದ ಕೈ ಮಾಲೀಕನಿಗೆ ಒಪ್ಪಿಸಿ, ಆಮೇಲೆ ಒಳಗಿಟ್ಟ ಸಾಮಾನು ತರಲು ಹೋದ ಹಾಗೆ. ಹೊಸ ಬಾಡಿಗೆದಾರ ಬರುವ ತನಕ ಸಾಮಾನು ಅಲ್ಲೇ ಇರುತ್ತದೆ. ಅವನ ಮೆಷೀನಿನಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ನಾನು ತಪ್ಪನ್ನು ತೋರಿಸಲಿಲ್ಲ. ಕಾಗದದ ಮೇಲೆ ಮೂರು ಚೌಕ ಬರೆದು, ಬಾಣ ಹಾಕಿ, ‘ಈಗ ಎರಡನೇ ಸಾಲು ಓಡಿತು, ಚಿತ್ರ ಬದಲಾಯಿಸು’ ಅಂದೆ. ಅವನು ಮೊದಲನೇ ಚೌಕವನ್ನು ಪೆನ್ನಿನಿಂದ ಹೊಡೆದುಹಾಕಿದ. ‘ಮೂರನೇ ಸಾಲು?’ ಅಂದೆ. ಪೆನ್ನು ಹೊಡೆದುಹಾಕಿದ ಚೌಕದ ಹತ್ತಿರ ಹೋಗಿ ಗಾಳಿಯಲ್ಲೇ ನಿಂತಿತು. ‘ಓ’ ಅಂದ. ಎರಡು ಸಾಲು ಅದಲುಬದಲು ಮಾಡಿ, ಥ್ಯಾಂಕ್ಸ್ ಹೇಳುವುದನ್ನೂ ಮರೆತು ಓಡಿಹೋದ.

ಇದಕ್ಕೆ ಹದಿನೈದು ನಿಮಿಷ ಹಿಡಿಯಿತು. ಫಾರಂನಲ್ಲಿ ಇದಕ್ಕೆ ಜಾಗವಿಲ್ಲ. ಆದರೆ ಆ ವಾರ ಅದೇ ತಪ್ಪನ್ನು ಇನ್ನೂ ನಾಲ್ವರಲ್ಲಿ ಕಂಡೆ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರುಮಾಡಿದೆ: ಯಾವ ತಪ್ಪು, ಎಷ್ಟು ಮಂದಿ, ತಪ್ಪಿದ್ದರೂ ಟೆಸ್ಟ್ ಕೇಸ್ ಯಾಕೆ ಪಾಸಾಯಿತು. ಎರಡು ವರ್ಷ ಕಳೆದು ಆ ನೋಟ್‌ಬುಕ್ಕೇ ಒಂದು ಸಣ್ಣ ಪೇಪರಾಯಿತು. ನನ್ನ ದೊಡ್ಡ ಪೇಪರುಗಳಿಗಿಂತ ಅದನ್ನು ಓದಿದವರೇ ಹೆಚ್ಚು.

ಇದರಲ್ಲಿ ನಾನೇನೂ ಹೊಸ ದಾರಿ ತೆಗೆಯಲಿಲ್ಲ. ಕಂಪ್ಯೂಟರ್ ಸೈನ್ಸ್ ಕಲಿಕೆಯ ಸಂಶೋಧನೆ ದೊಡ್ಡ ಕ್ಷೇತ್ರ. 2001ರಲ್ಲಿ ಮೈಕೆಲ್ ಮೆಕ್‌ಕ್ರ್ಯಾಕೆನ್ ಮುಂದಾಳುತನದ ತಂಡವೊಂದು ಬೇರೆ ಬೇರೆ ವಿಶ್ವವಿದ್ಯಾಲಯಗಳ ಮಕ್ಕಳಿಗೆ, ಮೊದಲ ಪ್ರೋಗ್ರಾಮಿಂಗ್ ಕೋರ್ಸ್ ಮುಗಿದ ಮೇಲೆ, ಒಂದೇ ಬಗೆಯ ಲೆಕ್ಕ ಕೊಟ್ಟು ನೋಡಿತು. ಸರಾಸರಿ ಅಂಕ 110ಕ್ಕೆ 23ರ ಆಸುಪಾಸು. ನಮ್ಮ ಮಕ್ಕಳು ಮಾತ್ರ ಹೀಗೆ ಅಂದುಕೊಂಡಿದ್ದ ಎಲ್ಲ ಮೇಷ್ಟರುಗಳೂ ಅಂದು ಸ್ವಲ್ಪ ನಾಚಿಕೊಂಡರು, ಸ್ವಲ್ಪ ಸಮಾಧಾನವನ್ನೂ ಪಟ್ಟುಕೊಂಡರು. ಮೂಲ ಎಲ್ಲಿದೆ ಅಂತ ಆಮೇಲೆ ಹುಡುಕಿದರೆ, ಬರೆಯುವುದಿರಲಿ, ಇರುವ ಕೋಡನ್ನು ಸಾಲುಸಾಲಾಗಿ ಓದಿ ಏನಾಗುತ್ತದೆ ಅಂತ ಹೇಳುವುದೇ ಅನೇಕರಿಗೆ ಕಷ್ಟ ಅಂತ ಕಂಡಿತು. 2006ರಲ್ಲಿ ಡೇಲ್ ಪಾರ್ಸನ್ಸ್ ಮತ್ತು ಪೆಟ್ರೀಷಿಯಾ ಹೇಡನ್ ಚೆಲ್ಲಾಪಿಲ್ಲಿಯಾದ ಸಾಲುಗಳನ್ನು ಸರಿಯಾದ ಕ್ರಮಕ್ಕೆ ಜೋಡಿಸುವ ಅಭ್ಯಾಸವನ್ನು ತಂದರು. ಇವತ್ತಿಗೂ ಡೇಟಾ ಸ್ಟ್ರಕ್ಚರ್ಸ್ ಮೊದಲ ತಿಂಗಳಿಗೆ ಅದಕ್ಕಿಂತ ಒಳ್ಳೆಯ ಅಭ್ಯಾಸ ನಾನು ಕಂಡಿಲ್ಲ. ಯೆನ್ಸ್ ಬೆನೆಡ್‌ಸೆನ್, ಮೈಕೆಲ್ ಕ್ಯಾಸ್ಪರ್‌ಸನ್ 2007ರಲ್ಲಿ ಹಲವು ವಿಶ್ವವಿದ್ಯಾಲಯಗಳಿಂದ ಲೆಕ್ಕ ತರಿಸಿಕೊಂಡು ನೋಡಿದಾಗ ಮೊದಲ ಪ್ರೋಗ್ರಾಮಿಂಗ್ ಕೋರ್ಸಿನಲ್ಲಿ ದಾಟದವರು ಸರಾಸರಿ ಶೇ. 33; ಮತ್ತೆ 2019ರಲ್ಲಿ ನೋಡಿದಾಗ ಶೇ. 28. ನಿಮ್ಮ 120ರಲ್ಲಿ ಮೂವತ್ತು ಮಂದಿ ಒದ್ದಾಡಿದರೆ ಅದು ನಿಮ್ಮೊಬ್ಬರ ತಪ್ಪಲ್ಲ.

ಪಾಠದಿಂದ ಮೇಷ್ಟರೂ ಕಲಿಯುತ್ತಾರೆ ಅನ್ನುವುದು ಸವಕಲು ಮಾತು, ಆದರೆ ನನ್ನ ಪಾಲಿಗೆ ಅದಕ್ಕೊಂದು ಮುಜುಗರದ ಸಾಕ್ಷಿಯಿದೆ. ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಅರ್ಧರ್ಧ ಮಾಡುತ್ತ ಹುಡುಕುವ ಬೈನರಿ ಸರ್ಚ್‌ನಲ್ಲಿ ಎರಡು ತುದಿಗಳಿಂದ ನಡುವಿನ ಜಾಗ ಹೇಳಿಕೊಡುವಾಗ ‘ಲೋ, ಹೈ ಎರಡನ್ನೂ ಕೂಡಿ ಎರಡರಿಂದ ಭಾಗಿಸಿ’ ಅಂತ ವರ್ಷಾನುಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೇನೆ. ಜಾವಾ ಲೈಬ್ರರಿಯ ಆ ಕೋಡನ್ನು ಬರೆದ ಜೋಶುವಾ ಬ್ಲಾಕ್ 2006ರಲ್ಲಿ ತಾವೇ ಮುಂದೆ ಬಂದು, ಅದು ಸುಮಾರು ಒಂಬತ್ತು ವರ್ಷ ತಪ್ಪಾಗಿಯೇ ಇತ್ತು ಅಂತ ಬರೆದರು. ಅರೇಯ, ಅಂದರೆ ಆ ಪಟ್ಟಿಯ, ಉದ್ದ ಎರಡರ ಮೂವತ್ತನೇ ಘಾತ, ಅಂದರೆ ಸುಮಾರು 107 ಕೋಟಿ ಮುಟ್ಟಿದರೆ ಆ ಕೂಡುವಿಕೆ 32 ಬಿಟ್ಟಿನ ಪೂರ್ಣಾಂಕದಲ್ಲಿ ಹಿಡಿಸದೆ ಉಕ್ಕಿ, ಮೈನಸ್ ಸಂಖ್ಯೆಯಾಗಿಬಿಡಬಹುದು. ಹೈನಿಂದ ಲೋ ಕಳೆದು, ಅರ್ಧ ಮಾಡಿ, ಲೋಗೆ ಕೂಡಿಸಿದರೆ ಆ ಅಪಾಯವಿಲ್ಲ. ಮರುದಿನ ಕ್ಲಾಸಿಗೆ ಹೋಗಿ ನನ್ನ ಬೋರ್ಡನ್ನು ನಾನೇ ತಿದ್ದಿದೆ. ಹಿಂದಿನ ಬೆಂಚಿನಿಂದ ಒಬ್ಬಳು, ‘ಹಾಗಾದರೆ ಹೋದ ವರ್ಷದವರಿಗೆ?’ ಅಂದಳು. ಉತ್ತರ ಇರಲಿಲ್ಲ. ಈ ಒಂದು ಸಾಲು ತಿದ್ದಿದ್ದು ಬೋಧನೆಯೋ ವಿದ್ವತ್ತೋ? ಯಾವ ಕಾಲಂನಲ್ಲಿ ಬರೆಯುತ್ತೀರಿ?

ಅರ್ನೆಸ್ಟ್ ಬಾಯರ್ ಅನ್ನುವ ಶಿಕ್ಷಣತಜ್ಞರು 1990ರಲ್ಲಿ ಇದೇ ಪ್ರಶ್ನೆ ಎತ್ತಿದ್ದರು. ಹೊಸದನ್ನು ಕಂಡುಹಿಡಿಯುವುದು ಮಾತ್ರ ವಿದ್ವತ್ತಲ್ಲ. ಬೇರೆಬೇರೆ ಕಡೆ ಚದುರಿದ ತಿಳಿವನ್ನು ಹೆಣೆಯುವುದು, ಅದನ್ನು ಬಳಕೆಗೆ ತರುವುದು, ಬೋಧನೆಯನ್ನೇ ಅಧ್ಯಯನದ ವಸ್ತುವಾಗಿ ನೋಡುವುದು, ಇವೂ ವಿದ್ವತ್ತೇ ಅಂತ ನಾಲ್ಕು ಬಗೆ ಹೇಳಿದರು. ನಿಮ್ಮ ಫಾರಂನಲ್ಲಿ ‘ಸಂಶೋಧನೆ’ ಅನ್ನದೆ ‘ವಿದ್ವತ್ತು’ ಅಂದಿರುವುದಕ್ಕೆ ಹಿನ್ನೆಲೆ ಅದೇ ಇರಬೇಕು. (ಮೂಲ ಇಂಗ್ಲಿಷ್ ಪದವನ್ನೇ ಬಳಸಿದ್ದರೆ ಕಷ್ಟವಿತ್ತು. ಸ್ಕಾಲರ್‌ಶಿಪ್ ಅಂದರೆ ನಮಗೆ ವಿದ್ಯಾರ್ಥಿವೇತನ. ‘ನಿಮ್ಮ ಈ ವರ್ಷದ ಸ್ಕಾಲರ್‌ಶಿಪ್ ಎಷ್ಟು?’ ಅಂದರೆ ಅರ್ಧ ಮಂದಿ ಮೊತ್ತ ಬರೆಯುತ್ತಿದ್ದರು.) ಆ ಪದ ಬಾಗಿಲು ತೆರೆದಿಟ್ಟಿದೆ, ಒಳಗೆ ಹೋಗಿ.

ಇನ್ನು 3.4. ವಿದ್ಯಾರ್ಥಿಗಳ ರೇಟಿಂಗಿಗೂ ಅವರು ನಿಜವಾಗಿ ಕಲಿತದ್ದಕ್ಕೂ ಸಂಬಂಧವೇ ಕಾಣುವುದಿಲ್ಲ ಅಂತ ಬಾಬ್ ಉಟ್ಲ್ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ಪ್ರಕಟಿಸಿದ್ದಾರೆ. 2015ರ ಇನ್ನೊಂದು ಸಣ್ಣ ಪ್ರಯೋಗದಲ್ಲಿ ಆನ್‌ಲೈನ್ ಕೋರ್ಸಿನ ಬೋಧಕರ ಹೆಸರನ್ನು ಅದಲುಬದಲು ಮಾಡಿದರು. ಗಂಡಸಿನ ಹೆಸರು ಕಂಡವರು ಹೆಚ್ಚು ಅಂಕ ಕೊಟ್ಟರು, ಪಾಠ ಮಾಡಿದವರು ಯಾರೇ ಆಗಿರಲಿ. ಹಾಗಂತ ಫೀಡ್‌ಬ್ಯಾಕನ್ನು ಬುಟ್ಟಿಗೆ ಹಾಕಬೇಡಿ. ಸರಾಸರಿ ಬಿಡಿ, ಕೆಳಗೆ ಬರೆದ ಮಾತುಗಳನ್ನು ಓದಿ. ‘ಬೋರಿಂಗ್’ ಅಂತ ಬರೆದವರನ್ನು ದಾಟಿ. ಹತ್ತು ಮಂದಿ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಒಂದೇ ದೂರು ಬರೆದಿದ್ದರೆ, ಉದಾಹರಣೆಗೆ ‘ಸ್ಲೈಡಿನ ಕೋಡ್ ಹಿಂದೆ ಕೂತವರಿಗೆ ಕಾಣುವುದಿಲ್ಲ’ ಅಂತಿದ್ದರೆ, ಅದು ನಿಜ. ಅದನ್ನು ಸರಿಪಡಿಸಿ, ಸರಿಪಡಿಸಿದ್ದನ್ನು ಫಾರಂನಲ್ಲಿ ಬರೆಯಿರಿ.

ಕಾಪಿ ವಿಚಾರ ನೀವು ಕೇಳಿಲ್ಲ, ಆದರೆ ನಿಮ್ಮ ನೂರು ಗಂಟೆಗೆ ಅದು ಸಂಬಂಧಪಟ್ಟದ್ದು. ಒಬ್ಬರ ಪ್ರೋಗ್ರಾಂ ಇನ್ನೊಬ್ಬರದರ ನಕಲೇ ಅಂತ ಹಿಡಿಯಲು ಅಲೆಕ್ಸ್ ಐಕೆನ್ 1994ರಲ್ಲಿ ಮಾಸ್ ಅನ್ನುವ ಸಾಧನ ಮಾಡಿದರು. ಮುಂದೆ ನಾವೆಲ್ಲ ಅದನ್ನೇ ನಂಬಿಕೊಂಡಿದ್ದೆವು. 2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಆ ನಂಬಿಕೆ ಹೋಯಿತು. ಪಕ್ಕದವನಿಂದ ತೆಗೆದದ್ದಾದರೆ ಹೋಲಿಸಿ ಹಿಡಿಯಬಹುದು. ಹೋಲಿಸಲು ಇನ್ನೊಂದು ಪ್ರತಿಯೇ ಇಲ್ಲದಾಗ ಏನು ಮಾಡುವುದು? ನನ್ನ ಸಲಹೆ: ಐದು ಅಸೈನ್‌ಮೆಂಟನ್ನು ಮೂರಕ್ಕೆ ಇಳಿಸಿ. ಉಳಿಯುವ ನಲವತ್ತು ಗಂಟೆಯನ್ನು ವೈವಾಗೆ ಹಾಕಿ. ಒಬ್ಬೊಬ್ಬರನ್ನೂ ಐದು ನಿಮಿಷ ಕೂರಿಸಿಕೊಂಡು, ಅವರದೇ ಕೋಡಿನ ಒಂದು ಸಾಲು ಅಳಿಸಿ, ‘ಈಗ ಏನಾಗುತ್ತೆ?’ ಅಂತ ಕೇಳಿ. ಬರೆದವರಿಗೆ ಗೊತ್ತಿರುತ್ತದೆ. ಬರೆಸಿದವರು ಮೇಜು ನೋಡುತ್ತಾರೆ. 120 ಮಂದಿಗೆ ಐದು ನಿಮಿಷದಂತೆ ಹತ್ತು ಗಂಟೆ. ಮೂರು ಸುತ್ತು ಮಾಡಿದರೂ ಹತ್ತು ಗಂಟೆ ಮಿಗುತ್ತದೆ.

ಪೇಪರಿಗೆ ಬರೋಣ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎರಡನೇ ರಿವ್ಯೂವರ್ ನಾಲ್ಕು ಸಾಲು ಬರೆದು ಮುಗಿಸಿರುತ್ತಾರೆ, ಅದರಲ್ಲಿ ಒಂದು ಸಾಲು ನೀವು ಮೂರನೇ ಪುಟದಲ್ಲಿ ಬರೆದದ್ದನ್ನೇ ‘ಯಾಕೆ ಬರೆದಿಲ್ಲ’ ಅಂತ ಕೇಳಿರುತ್ತದೆ. ಸಿಟ್ಟು ಬರುವುದು ಸಹಜ. ಆದರೆ ನಿಪ್ಸ್ ಅಂತ ಆಗ ಕರೆಯುತ್ತಿದ್ದ ಮೆಷೀನ್ ಲರ್ನಿಂಗ್ ಕಾನ್ಫರೆನ್ಸಿನವರು 2014ರಲ್ಲಿ ಮಾಡಿದ ಪ್ರಯೋಗ ನೆನಪಿಡಿ. 166 ಪೇಪರುಗಳನ್ನು ಎರಡು ಬೇರೆಬೇರೆ ಸಮಿತಿಗಳಿಗೆ ಕೊಟ್ಟರು, ಒಂದರ ತೀರ್ಮಾನ ಇನ್ನೊಂದಕ್ಕೆ ಗೊತ್ತಾಗದಂತೆ. 43 ಪೇಪರುಗಳಲ್ಲಿ ಒಂದು ಸಮಿತಿ ಹೂಂ ಅಂದದ್ದಕ್ಕೆ ಇನ್ನೊಂದು ಊಹೂಂ ಅಂದಿತು. ನಾಲ್ಕನೇ ಒಂದು ಭಾಗ ತಾನೇ ಅನ್ನಬೇಡಿ. ಬಹುತೇಕ ಪೇಪರುಗಳಿಗೆ ಎರಡೂ ಕಡೆ ಊಹೂಂ ಬರುತ್ತದೆ, ಆದ್ದರಿಂದ ಹೊಂದಾಣಿಕೆ ಹೆಚ್ಚಿದ್ದಂತೆ ಕಾಣುತ್ತದೆ. ಒಂದು ಸಮಿತಿ ಒಪ್ಪಿದ ಪೇಪರುಗಳನ್ನು ಮಾತ್ರ ಎಣಿಸಿದರೆ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇನ್ನೊಂದು ಸಮಿತಿ ತಳ್ಳಿಹಾಕಿತ್ತು. 2021ರಲ್ಲಿ ಇನ್ನೂ ದೊಡ್ಡದಾಗಿ ಮಾಡಿ ನೋಡಿದಾಗಲೂ ಚಿತ್ರ ಅಷ್ಟೇನೂ ಬದಲಾಗಲಿಲ್ಲ.

ಹಾಗಾದರೆ ಎಲ್ಲ ಲಾಟರಿಯೇ? ಅಲ್ಲ. ತೀರಾ ಕೆಟ್ಟದ್ದನ್ನು ಎಲ್ಲರೂ ಗುರುತಿಸುತ್ತಾರೆ. ನಡುವಿನದಕ್ಕೆ ಮಾತ್ರ ಅದೃಷ್ಟ ಕೈಹಾಕುತ್ತದೆ. ನಡುವಿನದನ್ನು ಬರೆದವರು ಮಾಡಬೇಕಾದ್ದು ಒಂದೇ: ಒಂದು ವಾರ ಬಿಟ್ಟು ರಿವ್ಯೂಗಳನ್ನು ಮತ್ತೆ ಓದಿ, ಮೂವರೂ ಎಡವಿದ ಜಾಗ ಯಾವುದು ನೋಡಿ, ತಿದ್ದಿ, ಮುಂದಿನ ಗಡುವಿಗೆ ಕಳಿಸುವುದು. ರಿವ್ಯೂವರ್‌ಗೆ ಅರ್ಥವಾಗದ್ದಕ್ಕೆ ಅವರ ಅವಸರವೂ ಕಾರಣ, ನಿಮ್ಮ ವಾಕ್ಯವೂ ಕಾರಣ. ಎರಡನೆಯದು ಮಾತ್ರ ನಿಮ್ಮ ಕೈಯಲ್ಲಿದೆ. ಫಾರಂನಲ್ಲಿ ಅದನ್ನು ಮುಚ್ಚಿಡಬೇಡಿ. ‘ಒಂದು ಪೇಪರ್ ಕಳಿಸಿದೆ, ಒಪ್ಪಿಗೆಯಾಗಲಿಲ್ಲ, ಎರಡು ಪ್ರಯೋಗ ಸೇರಿಸಿ ಇಂಥ ತಿಂಗಳು ಮತ್ತೆ ಕಳಿಸುತ್ತಿದ್ದೇನೆ’ ಅಂತ ಬರೆದರೆ ಓದುವವರಿಗೆ ಕೆಲಸ ನಡೆಯುತ್ತಿರುವುದು ಕಾಣುತ್ತದೆ. ನನ್ನ ‘ಪ್ರಗತಿಯಲ್ಲಿದೆ’ ಅನ್ನುವುದಕ್ಕಿಂತ ಎಷ್ಟೋ ಮೇಲು. ಪೇಪರುಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಅಂತ ಅಳೆಯುವ ಎಚ್-ಇಂಡೆಕ್ಸ್ ಬಗ್ಗೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಹೇಳಿದ ಅಳತೆ ಅದು, ಅದಕ್ಕೆ ವಯಸ್ಸು ಬೇಕು. ಮೊದಲ ವರ್ಷದವರನ್ನು ಅದರಲ್ಲಿ ಅಳೆಯುವುದು ಸಸಿ ನೆಟ್ಟ ಮರುದಿನ ನೆರಳು ಎಷ್ಟು ಅಂತ ಕೇಳಿದ ಹಾಗೆ.

ಸೇವೆ. ಇಲ್ಲಿ ಸ್ವಲ್ಪ ನಿಷ್ಠುರವಾಗಿ ಹೇಳುತ್ತೇನೆ: ಏಳು ಕಮಿಟಿ ಹೊಸಬರಿಗೆ ಮಾಡಿದ ಅನ್ಯಾಯ, ಒಪ್ಪಿಕೊಂಡದ್ದು ನಿಮ್ಮ ತಪ್ಪು. ಊರಿಗೆ ಉಪಕಾರಿ, ಮನೆಗೆ ಮಾರಿ. ನೀವು ಹೆಣ್ಣೋ ಗಂಡೋ ಪತ್ರದಿಂದ ತಿಳಿಯಲಿಲ್ಲ, ಆದರೆ ಇಲ್ಲಿ ಅದಕ್ಕೂ ಒಂದು ಮಾತಿದೆ. ಲಿಂಡಾ ಬ್ಯಾಬ್‌ಕಾಕ್ ಮತ್ತು ಸಂಗಡಿಗರು 2017ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮೂವರ ಗುಂಪು, ಎರಡು ನಿಮಿಷ ಸಮಯ. ಒಬ್ಬರು ಬಟನ್ ಒತ್ತಬೇಕು. ಒತ್ತಿದವರಿಗೆ ಉಳಿದಿಬ್ಬರಿಗಿಂತ ಕಡಿಮೆ ದುಡ್ಡು, ಯಾರೂ ಒತ್ತದಿದ್ದರೆ ಎಲ್ಲರಿಗೂ ಇನ್ನೂ ಕಡಿಮೆ. ಗಂಡಸರೂ ಹೆಂಗಸರೂ ಬೆರೆತ ಗುಂಪಿನಲ್ಲಿ ಹೆಂಗಸರೇ ಹೆಚ್ಚು ಸಲ ಒತ್ತಿದರು. ಬರೀ ಗಂಡಸರ ಗುಂಪು ಮಾಡಿದಾಗ? ಅವರೂ ಅಷ್ಟೇ ಸಲೀಸಾಗಿ ಒತ್ತಿದರು. ಅಂದರೆ ಇದು ಸ್ವಭಾವದ ಮಾತಲ್ಲ, ‘ಅವರು ಮಾಡ್ತಾರೆ ಬಿಡು’ ಅನ್ನುವ ನಿರೀಕ್ಷೆಯ ಮಾತು. ನಿಮ್ಮ ವಿಭಾಗದ ಮೀಟಿಂಗಿನಲ್ಲಿ ‘ಮಿನಿಟ್ಸ್ ಯಾರು ಬರೀತೀರಿ?’ ಅಂದಾಗ ಎಲ್ಲರ ಕಣ್ಣು ಯಾರ ಕಡೆ ತಿರುಗುತ್ತದೆ ಅಂತ ಒಮ್ಮೆ ನೋಡಿ.

ಸೇವೆಯಲ್ಲಿ ನಿಜವಾದ ಸಾಲ ಯಾವುದು, ಬರೀ ಸೌಜನ್ಯ ಯಾವುದು ಅಂತ ಬೇರೆ ಮಾಡಿ. ರಿವ್ಯೂ ಮಾಡುವುದು ಸಾಲ. ನೀವು ಒಂದು ಪೇಪರ್ ಕಳಿಸಿದರೆ ಮೂವರು ಓದಬೇಕು, ಅಂದರೆ ನೀವೂ ನಿಮ್ಮ ಸಹಲೇಖಕರೂ ಸೇರಿ ಲೋಕಕ್ಕೆ ಮೂರು ರಿವ್ಯೂ ಬಾಕಿ. ಇಬ್ಬರು ಬರೆದ ಪೇಪರಾದರೆ ತಲಾ ಒಂದೂವರೆ. ಮೊದಲ ವರ್ಷ ಅಷ್ಟು ತೀರಿಸಿದರೆ ಸಾಕು. ಒಂದು ಪೇಪರನ್ನು ನೆಟ್ಟಗೆ ಓದಿ ಬರೆಯಲು ನಾಲ್ಕು ಗಂಟೆ ಅಂದುಕೊಂಡರೂ, ಕಾನ್ಫರೆನ್ಸಿಗೆ ಪೇಪರ್ ಆರಿಸುವ ಪ್ರೋಗ್ರಾಂ ಕಮಿಟಿಯಲ್ಲಿ ಹದಿನೈದು ಪೇಪರ್ ಒಪ್ಪಿಕೊಂಡರೆ ಅರವತ್ತು ಗಂಟೆ. ಅದು ಗೌರವದ ಕೆಲಸ, ಮೂರನೇ ವರ್ಷಕ್ಕೆ ಇಟ್ಟುಕೊಳ್ಳಿ. ವಿಭಾಗದೊಳಗೆ ಒಂದು ಕೆಲಸ ಆರಿಸಿಕೊಳ್ಳಿ, ಅದು ನಿಮ್ಮ ಪಾಠಕ್ಕೋ ಸಂಶೋಧನೆಗೋ ಹತ್ತಿರ ಇರಲಿ. ಲ್ಯಾಬ್ ಉಪಕರಣ ಕೊಳ್ಳುವ ಸಮಿತಿಯಲ್ಲಿದ್ದರೆ ನಿಮ್ಮ ಆಪರೇಟಿಂಗ್ ಸಿಸ್ಟಮ್ಸ್ ಲ್ಯಾಬಿಗೆ ಏನು ಬೇಕು ಅಂತ ನೀವೇ ಹೇಳಬಹುದು. ಪಠ್ಯಕ್ರಮ ಸಮಿತಿಯೂ ಆದೀತು. ಸ್ವಾಗತ ಸಮಿತಿ, ನೆನಪಿನ ಕಾಣಿಕೆ ಸಮಿತಿ, ಇವನ್ನು ಬಿಡಿ. ‘ಆಗುವುದಿಲ್ಲ’ ಅನ್ನಲು ಬಾಯಿ ಬರದಿದ್ದರೆ ಎಚ್‌ಒಡಿ ಮುಂದೆ ಏಳರ ಪಟ್ಟಿ ಇಟ್ಟು, ‘ಸರ್, ಇದರಲ್ಲಿ ಎರಡು ಚೆನ್ನಾಗಿ ಮಾಡಬಲ್ಲೆ, ಯಾವುದು ಅಂತ ನೀವೇ ಹೇಳಿ’ ಅನ್ನಿ. ನಾನು ಎಂಟು ವರ್ಷ ಎಚ್‌ಒಡಿ ಆಗಿದ್ದೆ. ಹಾಗೆ ಕೇಳಿದವರಿಗೆ ಇಲ್ಲ ಅನ್ನಲು ನನಗೆ ಒಮ್ಮೆಯೂ ಸಾಧ್ಯವಾಗಲಿಲ್ಲ. ಕೇಳದವರಿಗೆ ಎಂಟನೆಯದನ್ನೂ ಕೊಟ್ಟಿದ್ದೇನೆ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಯಾವ ಕಮಿಟಿಗೂ ಸೇರದ ಸೇವೆಯೂ ಇದೆ. ಉನ್ನತ ವ್ಯಾಸಂಗಕ್ಕೆ ಹೋಗುವ ಮಕ್ಕಳಿಗೆ ಶಿಫಾರಸು ಪತ್ರ ಬರೆಯುವುದು ಅದರಲ್ಲಿ ಮುಖ್ಯವಾದದ್ದು. ಅದನ್ನು ಮಾತ್ರ ಚೌಕಾಸಿ ಮಾಡದೆ ಮಾಡಿ. ನಾನು ತಿದ್ದಿದ ಉತ್ತರಪತ್ರಿಕೆ ಯಾರಿಗೂ ನೆನಪಿಲ್ಲ, ಬರೆದುಕೊಟ್ಟ ಪತ್ರ ಇಪ್ಪತ್ತು ವರ್ಷವಾದರೂ ನೆನೆಸಿಕೊಳ್ಳುತ್ತಾರೆ.

ಈ ವರ್ಷದ ಫಾರಂ ತುಂಬುವುದಕ್ಕೆ ನಿಮ್ಮ ಈಮೇಲಿನ ಕಳಿಸಿದ ಪತ್ರಗಳನ್ನು ತಿರುವಿಹಾಕಿ. ಮರೆತ ಅರ್ಧ ಅಲ್ಲಿ ಸಿಗುತ್ತದೆ. ಬರೆಯುವಾಗ ‘120 ವಿದ್ಯಾರ್ಥಿಗಳಿಗೆ ಡೇಟಾ ಸ್ಟ್ರಕ್ಚರ್ಸ್ ಬೋಧಿಸಿದೆ’ ಅಂತ ನಿಲ್ಲಿಸಬೇಡಿ, ಅದು ಟೈಮ್‌ಟೇಬಲ್ ನೋಡಿದರೂ ಗೊತ್ತಾಗುತ್ತದೆ. ಮೊದಲ ಟೆಸ್ಟಿನಲ್ಲಿ ಪಾಯಿಂಟರ್ ಪ್ರಶ್ನೆಗೆ ಎಷ್ಟು ಮಂದಿ ಸರಿ ಬರೆದರು, ಆಮೇಲೆ ನೀವು ಏನು ಬದಲಾಯಿಸಿದಿರಿ, ಕೊನೆಯ ಪರೀಕ್ಷೆಯಲ್ಲಿ ಅಂಥದೇ ಪ್ರಶ್ನೆಗೆ ಎಷ್ಟು ಮಂದಿ ಬರೆದರು, ಈ ಮೂರು ಸಂಗತಿ ಬರೆಯಿರಿ. ಉತ್ತರಪತ್ರಿಕೆಗಳು ಇನ್ನೂ ಇದ್ದರೆ ಒಂದು ಮಧ್ಯಾಹ್ನದ ಕೆಲಸ. ಸಂಖ್ಯೆ ಏರದಿದ್ದರೂ ಬರೆಯಿರಿ, ಯಾಕೆ ಏರಲಿಲ್ಲ ಅನ್ನುವುದೇ ಮುಂದಿನ ವರ್ಷದ ವಿದ್ವತ್ತಿನ ಕಾಲಂಗೆ ಮೊದಲ ಸಾಲು. ಮುಂದಿನ ವರ್ಷದಿಂದ ಪ್ರತಿ ಶುಕ್ರವಾರ ಮನೆಗೆ ಹೊರಡುವ ಮುಂಚೆ ಐದು ಸಾಲು ಬರೆದಿಡಿ: ಯಾವುದು ಕ್ಲಾಸಿನಲ್ಲಿ ಮುರಿದುಬಿತ್ತು, ಯಾರು ಏನು ಕೇಳಿದರು, ಏನು ಓದಿದೆ. ನಲವತ್ತು ವಾರಕ್ಕೆ ಇನ್ನೂರು ಸಾಲಾಗುತ್ತದೆ.

ಗಡುವಿಲ್ಲದ ಕೆಲಸಕ್ಕೆ ವಾರದಲ್ಲಿ ಎರಡು ಬೆಳಗ್ಗೆ ಬೇಕು. ಸಂಜೆಯಲ್ಲ, ಭಾನುವಾರವಲ್ಲ, ತಲೆ ಹಸನಾಗಿರುವ ಎರಡು ಬೆಳಗ್ಗೆ, ಬಾಗಿಲು ಹಾಕಿಕೊಂಡು. ಇದಕ್ಕೆ ಯಾರ ಅನುಮತಿ ಕೇಳಿದರೂ ಸಿಗುವುದಿಲ್ಲ, ಕೇಳದೆ ತೆಗೆದುಕೊಂಡರೆ ಯಾರೂ ಬೇಡ ಅನ್ನುವುದಿಲ್ಲ. ಅದಕ್ಕೇ ಏಳರಲ್ಲಿ ಆರು ಕಮಿಟಿ ಬಿಟ್ಟರೂ ಚಿಂತೆಯಿಲ್ಲ, ಟೈಮ್‌ಟೇಬಲ್ ಕಮಿಟಿಯನ್ನು ಮಾತ್ರ ಬಿಡಬೇಡಿ. ವಿಭಾಗದಲ್ಲಿ ಎಲ್ಲರೂ ಬೇಡ ಅನ್ನುವ ಕೆಲಸ ಅದು. ಆದರೆ ಮಂಗಳವಾರ, ಗುರುವಾರ ಬೆಳಗ್ಗೆ ಯಾರಿಗೆ ಕ್ಲಾಸ್ ಬೀಳುತ್ತದೆ ಅಂತ ಮೊದಲು ಬರೆಯುವುದು ಅಲ್ಲಿ ಪೆನ್ಸಿಲ್ ಹಿಡಿದವರೇ.